ರಂಗಗೀತದಿಂದ ಮನೋಧರ್ಮಕ್ಕೆ: ಜಾನ್ ಕೋಲ್ಟ್ರೇನನ ವಾದನದಲ್ಲಿ ಒಂದು ಹಾಡು

ಜಾಜ್ ಸಂಗೀತದ ಚರಿತ್ರೆಯನ್ನು ಬರೆಯುವವನಿಗೆ ಮೂಲಭೂತವಾದ ತೊಡಕೊಂದುಂಟು. ವೇದಿಕೆಯ ಮೇಲೆ ಆ ಕ್ಷಣದಲ್ಲಿ ಹುಟ್ಟುವ ಮನೋಧರ್ಮವೇ ಈ ಸಂಗೀತದ ಜೀವಾಳ. ಅವನ ಕೈಗೆ ದೊರೆಯುವುದಾದರೋ ಧ್ವನಿಮುದ್ರಿತವಾದ ಕೆಲವು ವಾದನಗಳು ಮಾತ್ರ. ಹೀಗಿರುವಾಗ ಕೃತಿಯೆಂದು ಯಾವುದನ್ನು ಕರೆಯಬೇಕು? ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನನು ‘ಮೈ ಫೇವರಿಟ್ ಥಿಂಗ್ಸ್’ ಎಂಬ ಹಾಡನ್ನು ನುಡಿಸಿದ ಬಗೆ ಈ ಪ್ರಶ್ನೆಗೆ ತಕ್ಕ ನಿದರ್ಶನವಾಗಿದೆ.

ರಿಚರ್ಡ್ ರಾಜರ್ಸ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನರು ರಚಿಸಿದ ಈ ಹಾಡು, 1959ರ ನವೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗವನ್ನೇರಿದ ‘ದಿ ಸೌಂಡ್ ಆಫ್ ಮ್ಯೂಸಿಕ್’ ಎಂಬ ಸಂಗೀತನಾಟಕಕ್ಕೆ ಸೇರಿದುದು. ಪ್ರಿಯವಾದ ಸಣ್ಣಪುಟ್ಟ ವಸ್ತುಗಳನ್ನು ಒಂದೊಂದಾಗಿ ನೆನೆದು, ದುಃಖದ ಗಳಿಗೆಯಲ್ಲಿ ಆ ನೆನಪಿನಿಂದಲೇ ಸಮಾಧಾನ ಹೊಂದುವುದು ಅದರ ಭಾವ. ವರ್ಷ ತುಂಬುವ ಮೊದಲೇ, 1960ರ ಅಕ್ಟೋಬರ್ 21ರಂದು, ಕೋಲ್ಟ್ರೇನನು ಅದನ್ನು ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ಧ್ವನಿಮುದ್ರಿಸಿದನು. ಮೂರೆಣಿಕೆಯ ನಡೆಯನ್ನು ಅವನು ಉಳಿಸಿಕೊಂಡನು. ಆದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ‘ಕಾರ್ಡು’ಗಳ ಮೂಲ ಸರಣಿಯನ್ನು ಬಿಟ್ಟು, ಎರಡೇ ಕಾರ್ಡುಗಳ ಆವರ್ತನದ ಮೇಲೆ ಮನೋಧರ್ಮವನ್ನು ಬೆಳೆಸಿದನು. ನಮ್ಮ ಶ್ರುತಿಯನ್ನು ನೆನಪಿಗೆ ತರುವಂತೆ ಮಂದ್ರಸ್ವರವು ಕೆಳಗೆ ನಿಂತಿರುತ್ತದೆ. ಸಮಾಧಾನವನ್ನು ಹೇಳುವ ಭಾಗವನ್ನಂತೂ ಅವನು ಕೊನೆಯವರೆಗೆ ತಡೆದಿರಿಸಿದನು. ಎರಡು ಮೂರು ನಿಮಿಷಗಳ ಹಾಡು ಹೀಗೆ ಸುಮಾರು 14 ನಿಮಿಷಗಳಿಗೆ ಹಿಗ್ಗಿತು.

ವೇದಿಕೆಯ ಮೇಲೆ ಈ ಹಿಗ್ಗುವಿಕೆ ಮುಂದುವರಿಯಿತು. 1963ರ ಜುಲೈ 7ರಂದು ನ್ಯೂಪೋರ್ಟ್ ಉತ್ಸವದಲ್ಲಿ ಅದು 17 ನಿಮಿಷಗಳನ್ನು ಮೀರಿತು. 1966ರ ಜುಲೈ 22ರಂದು ಟೋಕಿಯೋ ನಗರದಲ್ಲಿ ಗಂಟೆಯ ಸಮೀಪಕ್ಕೆ ಬಂದಿತು. ಟೋಕಿಯೋದಲ್ಲಿ ಜಿಮ್ಮಿ ಗ್ಯಾರಿಸನ್ ಒಬ್ಬನೇ ಬಾಸ್ ವಾದ್ಯದಲ್ಲಿ ದೀರ್ಘವಾದ ಪೀಠಿಕೆಯನ್ನು ನುಡಿಸುತ್ತಾನೆ. ಲಯದ ಕಟ್ಟು ಸಡಿಲಗೊಂಡಿದೆ. ಪರಿಚಿತ ಧಾಟಿ ನಡುನಡುವೆ ತುಣುಕುಗಳಾಗಿ ಸುಳಿಯುತ್ತದೆ.

ಇದನ್ನು ಕೋಲ್ಟ್ರೇನನೊಬ್ಬನ ವಿಕಾಸವೆಂದು ಮಾತ್ರ ವಿವರಿಸುವುದು ಸಾಲದು. ಸಂಗಡಿಗರ ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನ್ಯೂಪೋರ್ಟಿನಲ್ಲಿ ಡ್ರಮ್ ನುಡಿಸಿದವನು ಎಲ್ವಿನ್ ಜೋನ್ಸ್ ಅಲ್ಲ, ರಾಯ್ ಹೇನ್ಸ್. ಟೋಕಿಯೋದ ವೇಳೆಗೆ ಪಿಯಾನೋ ವಾದಕ ಮೆಕಾಯ್ ಟೈನರ್ ಮತ್ತು ಜೋನ್ಸ್ ಇಬ್ಬರೂ ತಂಡವನ್ನು ಬಿಟ್ಟಿದ್ದರು. ಅವರ ಸ್ಥಾನಗಳಲ್ಲಿ ಆಲಿಸ್ ಕೋಲ್ಟ್ರೇನ್ ಹಾಗೂ ರಶೀದ್ ಅಲಿ ಇದ್ದರು. ಫರೋ ಸ್ಯಾಂಡರ್ಸನ ಸ್ಯಾಕ್ಸೊಫೋನ್ ಹೊಸದಾಗಿ ಸೇರಿತ್ತು.

ಹಾಗಾದರೆ ಹಾಡು ಅಳಿಯಿತೆ? ಅಳಿಯಲಿಲ್ಲವೆಂದೇ ತೋರುತ್ತದೆ. ಕೋಲ್ಟ್ರೇನನು 1967ರ ಏಪ್ರಿಲ್ 23ರಂದು, ಮರಣಕ್ಕೆ ಮೂರು ತಿಂಗಳು ಮುನ್ನ, ಹಾರ್ಲೆಮ್ಮಿನಲ್ಲಿಯೂ ಅದನ್ನು ನುಡಿಸಿದನು. ಕೇಳುವವರು ಬಲ್ಲ ಧಾಟಿಯಿದ್ದುದರಿಂದಲೇ ಅವನು ಕ್ರಮಿಸಿದ ದೂರ ಅವರಿಗೆ ಗೋಚರವಾಗುತ್ತಿತ್ತು. ಪಾಠಾಂತರಗಳನ್ನು ತೂಗಿನೋಡಿ ಮೂಲಪಾಠವನ್ನು ಅರಸುವ ಗ್ರಂಥಸಂಪಾದನೆಯ ಕ್ರಮ ಇಲ್ಲಿ ಸಲ್ಲದು. 1960ರ ಮುದ್ರಿಕೆಯೂ ಪಾಠಾಂತರಗಳಲ್ಲಿ ಒಂದು. ಅವೆಲ್ಲವೂ ಸೇರಿಯೇ ಕೃತಿ.