ಬೆಳ್ಳಿ ರೂಪಾಯಿಯೊಳಗಿನ ಗುಪ್ತ ಲಾಕೆಟ್: ಕರಗಿಸುವ ಮೊದಲು ನೋಡಬೇಕಾದದ್ದು

ಹಳೆಯ ಬೆಳ್ಳಿ ನಾಣ್ಯದ ಒಳಭಾಗವನ್ನು ಕೊರೆದು, ಹೊರಗಿನಿಂದ ಗುರುತು ಸಿಗದಂತೆ ಮುಚ್ಚಳ ಕೂರಿಸಿ ಮಾಡಿದ ಪುಟ್ಟ ಡಬ್ಬಿಗೆ ನಾಣ್ಯ ಲಾಕೆಟ್ ಅಥವಾ ನಾಣ್ಯ ಡಬ್ಬಿ ಎನ್ನುತ್ತಾರೆ. ನೋಡಲು ಅದು ಮಾಮೂಲಿ ರೂಪಾಯಿ. ಅಂಚಿನ ಒಂದು ನಿರ್ದಿಷ್ಟ ಜಾಗದಲ್ಲಿ ಬೆರಳಿನಿಂದ ಒತ್ತಿದರೆ ರಾಣಿಯ ಮುಖವಿರುವ ಬದಿ ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಒಳಗೆ ಒಂದು ಭಾವಚಿತ್ರಕ್ಕೆ ಆಗುವಷ್ಟು ಜಾಗವಿರುತ್ತದೆ.

ಮಹದೇವಪುರ, ಕೆ.ಆರ್. ಪುರದ ಕಡೆಯ ಅಪಾರ್ಟ್‌ಮೆಂಟುಗಳಿಗೆ ಬಂದು ನೆಲೆಸಿದ ಕುಟುಂಬಗಳು ಊರಿನ ಹಳೆಯ ಮನೆ ಖಾಲಿ ಮಾಡುವಾಗ, ಅಜ್ಜಿಯ ಪೆಟ್ಟಿಗೆಯ ಬೆಳ್ಳಿಯನ್ನೆಲ್ಲ ಒಟ್ಟಿಗೆ ತೂಗಿಸಿ ಹೊಸ ಆಭರಣಕ್ಕೆ ಬದಲಾಯಿಸಿಕೊಳ್ಳುವುದುಂಟು. ಅಂಗಡಿಯಲ್ಲಿ ಆ ರಾಶಿ ನೇರವಾಗಿ ಮೂಸೆಗೆ ಹೋಗುತ್ತದೆ. ಲಾಕೆಟ್ ಇದ್ದರೆ ಅದರೊಳಗಿನ ಚಿತ್ರವೂ ಹೋಗುತ್ತದೆ. ಆದ್ದರಿಂದ ಈ ವಸ್ತುವಿನ ಪರಿಚಯ ಇಟ್ಟುಕೊಳ್ಳುವುದು ಒಳ್ಳೆಯದು.

ಹಿನ್ನೆಲೆ

ಯುರೋಪಿನಲ್ಲಿ ಈ ಕಸುಬು 16ನೇ ಶತಮಾನದಿಂದಲೂ ಇದೆ. ಜರ್ಮನಿಯ ಆಗ್ಸ್‌ಬರ್ಗ್ ನಗರದ ಕುಶಲಿಗಳು ದೊಡ್ಡ ಬೆಳ್ಳಿ ಥಾಲರ್ ನಾಣ್ಯಗಳಿಗೆ ತಿರುಪು ಕೊರೆದು, ಡಬ್ಬಿಯಂತೆ ಬಿಚ್ಚುವ ಹಾಗೆ ಮಾಡುತ್ತಿದ್ದರು. 1730ರ ದಶಕದಲ್ಲಿ ಸಾಲ್ಜ್‌ಬರ್ಗ್‌ನಿಂದ ಹೊರಹಾಕಲ್ಪಟ್ಟ ಪ್ರೊಟೆಸ್ಟಂಟರ ಕಥೆಯನ್ನು ಪುಟ್ಟ ಚಿತ್ರಗಳಲ್ಲಿ ತುಂಬಿದ ಇಂಥ ತಿರುಪು ಪದಕಗಳು ಇಂದಿಗೂ ಉಳಿದಿವೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಟ್ರೇಡ್ ಡಾಲರಿನಿಂದ ಮಾಡಿದವು ಬಂದವು. ಇವುಗಳಿಗೆ ‘ಅಫೀಮು ಡಾಲರ್’ ಎಂಬ ಹೆಸರೂ ಅಂಟಿಕೊಂಡಿದೆ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಮಾರಾಟಗಾರರಿಗೆ ರೋಚಕ ಕಥೆ ಬೇಕು. ಒಳಗೆ ಸಿಗುವುದು ಹೆಚ್ಚಾಗಿ ಯಾರದೋ ಮನೆಯವರ ಫೋಟೋ.

ಬೇಹುಗಾರಿಕೆಯೂ ಈ ಉಪಾಯವನ್ನು ಬಳಸಿಕೊಂಡಿದೆ. 1953ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಪತ್ರಿಕೆ ಹಂಚುವ ಹುಡುಗನೊಬ್ಬನ ಕೈಯಿಂದ ಬಿದ್ದ ಐದು ಸೆಂಟಿನ ನಾಣ್ಯ ಎರಡಾಗಿ ಬಿಚ್ಚಿಕೊಂಡು, ಸಂಕೇತ ಲಿಪಿಯ ಸೂಕ್ಷ್ಮ ಫೋಟೋ ಹೊರಬಿತ್ತು. 1957ರಲ್ಲಿ ಸೋವಿಯತ್ ಗೂಢಚಾರ ರುಡಾಲ್ಫ್ ಏಬಲ್ ಬಂಧನವಾದ ಪ್ರಕರಣದ ಮೊದಲ ಎಳೆ ಇದು.

ನಮ್ಮ ಮನೆಗಳ ರೂಪಾಯಿ

ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚಿತು. ಹೀಗಾಗಿ ಬೆಂಗಳೂರಿನ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ವಿಕ್ಟೋರಿಯಾ, ಏಳನೇ ಎಡ್ವರ್ಡ್ ಮತ್ತು ಐದನೇ ಜಾರ್ಜ್ ಮುಖದ ರೂಪಾಯಿಗಳು. ವಿಕ್ಟೋರಿಯಾ ನಾಣ್ಯಗಳಲ್ಲಿ 1877ಕ್ಕೆ ಮೊದಲು ‘ಕ್ವೀನ್’, ಆಮೇಲೆ ‘ಎಂಪ್ರೆಸ್’ ಎಂದಿರುತ್ತದೆ. ನಾಣ್ಯವನ್ನು ಆಭರಣ ಮಾಡುವುದು ಈ ನಾಡಿಗೆ ಹೊಸತಲ್ಲ: ಕಾಸಿನ ಸರ, ಕೊಡವರ ಪತ್ತಾಕ್, ಲಂಬಾಣಿ ಮಹಿಳೆಯರ ಬೆಳ್ಳಿ ನಾಣ್ಯದ ಒಡವೆಗಳು ಎಲ್ಲರೂ ಕಂಡವೇ. ಗುಪ್ತ ಲಾಕೆಟ್ ಅದೇ ಅಭ್ಯಾಸದ ಅಪರೂಪದ ಕವಲು.

ಒಂದು ಲಾಕೆಟ್‌ಗೆ ಸಾಮಾನ್ಯವಾಗಿ ಎರಡು ನಾಣ್ಯ ಬೇಕು. ಒಂದನ್ನು ತೆಳ್ಳಗೆ ಅರೆದು ಮುಚ್ಚಳ ಮಾಡುತ್ತಾರೆ, ಇನ್ನೊಂದನ್ನು ತಟ್ಟೆಯಂತೆ ಕೊರೆಯುತ್ತಾರೆ. ಕೂಡುಗೆರೆ ಅಂಚಿನ ಗೀರುಗಳಲ್ಲಿ ಮರೆಯಾಗುತ್ತದೆ. ಬಿಜಾಗರಿ ಒಳಗೇ ಇರುತ್ತದೆ.

ಗುರುತಿಸುವ ಬಗೆ

ತಕ್ಕಡಿಯೇ ಮೊದಲ ಸಾಕ್ಷಿ. 1835ರಿಂದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಹಿರಿಯರು ಇಂದಿಗೂ ‘ರೂಪಾಯಿ ತೂಕ’ ಎನ್ನುವುದು ಇದನ್ನೇ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗುತ್ತದೆ. ಆದರೆ ಅಚ್ಚು ಚೂಪಾಗಿದ್ದು, ದಪ್ಪ ಸರಿಯಾಗಿದ್ದು, ತೂಕ ಮಾತ್ರ ಎದ್ದುಕಾಣುವಂತೆ ಕಡಿಮೆಯಿದ್ದರೆ ಅದು ಖೋಟಾ ಇರಬೇಕು ಅಥವಾ ಟೊಳ್ಳು ಇರಬೇಕು. ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುವ ಹಳೆಯ ಪರೀಕ್ಷೆ ಇಲ್ಲಿ ಬೇಡ, ಬಿಜಾಗರಿ ಮುರಿದೀತು. ಭೂತಗನ್ನಡಿ ಹಿಡಿದು ಅಂಚಿನ ಸುತ್ತ ಕೂದಲೆಳೆಯಂಥ ಗೆರೆ ಇದೆಯೇ ನೋಡಬೇಕು. ಆಮೇಲೆ ಹೆಬ್ಬೆರಳಿನಿಂದ ಅಂಚಿನುದ್ದಕ್ಕೂ ಮೆಲ್ಲಗೆ ಒತ್ತುತ್ತ ಬರಬೇಕು. ಚಾಕು, ಸೂಜಿ ತುರುಕಬಾರದು.

ಹುಣಸೆಹಣ್ಣು ಹಾಕಿ ಉಜ್ಜುವುದಂತೂ ಬೇಡವೇ ಬೇಡ. ಹುಳಿ ನೀರು ಗೆರೆಯೊಳಗೆ ಇಳಿದರೆ ನೂರು ವರ್ಷದ ಫೋಟೋ ಒಂದು ರಾತ್ರಿಯಲ್ಲಿ ಹಾಳಾಗುತ್ತದೆ. ವಿಭೂತಿ ಪುಡಿಯೂ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಣ ಹತ್ತಿ ಬಟ್ಟೆ ಸಾಕು. ಚಿತ್ರ ಒಳಗೆ ಅಂಟಿಕೊಂಡಿದ್ದರೆ ಕೀಳದೆ, ಇದ್ದಲ್ಲೇ ಫೋಟೋ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಬೆಲೆ ಮತ್ತು ಕಾನೂನು

ನಾಣ್ಯ ಸಂಗ್ರಾಹಕರ ಲೆಕ್ಕದಲ್ಲಿ ಕೊರೆದ ನಾಣ್ಯ ಕೆಟ್ಟ ನಾಣ್ಯ. ಲಾಕೆಟ್‌ಗೆ ಬೆಲೆ ಬರುವುದು ಕೆಲಸದ ನಯ ಮತ್ತು ಒಳಗಿನ ವಸ್ತುವಿನಿಂದ. ಹಳೆಯದೆಂದು ಹೇಳಿ ಮಾರುವ ಹೊಸ ನಕಲುಗಳೂ ಬೇಕಾದಷ್ಟಿವೆ. ಅವುಗಳ ಬಿಜಾಗರಿ ಹೊರಗೇ ಕಾಣುತ್ತದೆ, ಅಕ್ಷರಗಳು ಮೊಂಡಾಗಿರುತ್ತವೆ. ಇನ್ನು, ಮನೆಯಲ್ಲಿರುವ ಒಳ್ಳೆಯ ರೂಪಾಯಿಗಳನ್ನು ಕೊರೆಸಿ ಹೊಸ ಲಾಕೆಟ್ ಮಾಡಿಸುವುದು ಜಾಣತನವಲ್ಲ. ಎರಡು ನಾಣ್ಯ ಹೋಗಿ ಒಂದು ಡಬ್ಬಿ ಉಳಿಯುತ್ತದೆ. ಇಂದು ಚಲಾವಣೆಯಲ್ಲಿರುವ ನಾಣ್ಯಗಳನ್ನು ಕತ್ತರಿಸುವುದು, ಕರಗಿಸುವುದು 2011ರ ನಾಣ್ಯ ಕಾಯ್ದೆಯಡಿ ಅಪರಾಧ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ವಿದೇಶದಲ್ಲಿರುವ ಮಕ್ಕಳಿಗೆ ನೆನಪಿಗೆಂದು ಕಳುಹಿಸುವವರು ಇದನ್ನು ಮರೆಯಬಾರದು.

ಜೈನ ಮನೆಗಳಲ್ಲಿ ಬೆಳ್ಳಿ ರೂಪಾಯಿಗಳು ಪೆಟ್ಟಿಗೆಯಿಂದ ಹೊರಬರುವುದು ಸಾಮಾನ್ಯವಾಗಿ ದೀಪಾವಳಿಯಲ್ಲಿ, ಭಗವಾನ್ ಮಹಾವೀರರ ನಿರ್ವಾಣ ದಿನದ ಆಸುಪಾಸಿನಲ್ಲಿ. ಆಗ ಒಂದೊಂದನ್ನೂ ಬೇರೆಬೇರೆಯಾಗಿ ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು, ನಾಣ್ಯದ ಜೊತೆಗೇ ಇಡಬಹುದು.