ಆದಿ ಜನರ ನ್ಯಾಯಕಟ್ಟೆ ಕೆಬಾಂಗ್

ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯ ಆದಿ ಜನರನ್ನು ಹೊರಗಿನವರು ಹಿಂದೆ ‘ಅಬೋರ್’ ಎನ್ನುತ್ತಿದ್ದರು. ಯಾರಿಗೂ ಬಗ್ಗದವರು ಎಂಬುದು ಅದರ ಅರ್ಥ. 1911ರಲ್ಲಿ ಬ್ರಿಟಿಷ್ ಅಧಿಕಾರಿ ನೋಯೆಲ್ ವಿಲಿಯಮ್ಸನ್ ಇವರ ಕೈಯಲ್ಲಿ ಹತನಾದಾಗ ಸರ್ಕಾರ ದಂಡನ್ನೇ ಕಳುಹಿಸಿತು.

ಹೊರಗಿನವರಿಗೆ ಬಗ್ಗದ ಈ ಜನ ‘ಕೆಬಾಂಗ್’ಗೆ ಮಾತ್ರ ತಲೆಬಾಗುತ್ತಾರೆ. ಕೆಬಾಂಗ್ ಎಂದರೆ ಊರ ಹಿರಿಯರ ಸಭೆ. ಜಮೀನಿನ ತಕರಾರು, ಕಳವು, ದಾಂಪತ್ಯದ ಜಗಳ ಎಲ್ಲವೂ ಅದರ ಮುಂದೆ ಬರುತ್ತವೆ. ಬರಹದ ಕಾನೂನಿಲ್ಲ, ರೂಢಿಯೇ ಶಾಸನ. ತಪ್ಪಿತಸ್ಥರು ದಂಡವಾಗಿ ಮಿಥುನ್ ಎಂಬ ದನವನ್ನು ಕೊಟ್ಟದ್ದೂ ಉಂಟು. 1945ರ ಕಾಯಿದೆ ಗ್ರಾಮದ ಹಿರಿಯರ ಈ ಅಧಿಕಾರವನ್ನು ಮಾನ್ಯ ಮಾಡಿತು.

ಈಗ ಸಿಯಾಂಗ್ ನದಿಗೆ ಬೃಹತ್ ಅಣೆಕಟ್ಟಿನ ಪ್ರಸ್ತಾಪವಿದೆ. ನೆಲ ಮುಳುಗಿದರೆ ಊರು ಚದುರುತ್ತದೆ. ಊರೇ ಚದುರಿದರೆ ಕೆಬಾಂಗ್ ಕೂಡುವುದೆಲ್ಲಿ?