ಈಜು ಶಿಬಿರದಲ್ಲಿ ಕೋಚ್ ಇದ್ದ ಮೇಲೆ ಲೈಫ್‌ಗಾರ್ಡ್ ಯಾಕೆ ಬೇಕು?

ಏಪ್ರಿಲ್ ಬಂತೆಂದರೆ ನಮ್ಮ ಗ್ರೂಪ್‌ಗಳಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಒಟ್ಟೊಟ್ಟಿಗೆ ಬರುತ್ತವೆ. ಒಂದು, ಬೇಸಿಗೆ ಈಜು ಶಿಬಿರದ ಪೋಸ್ಟರ್: ಅನುಭವಿ ಕೋಚ್, ಇಷ್ಟೇ ದಿನದಲ್ಲಿ ಈಜು ಗ್ಯಾರಂಟಿ. ಇನ್ನೊಂದು, ಎಚ್ಚರಿಕೆಯ ಸಂದೇಶ: ಊಟವಾದ ಒಂದು ಗಂಟೆಯೊಳಗೆ ಮಗುವನ್ನು ನೀರಿಗೆ ಬಿಡಬೇಡಿ, ಈಜಿ ಬಂದ ಮಗು ಮೂರು ದಿನದ ಮೇಲೂ ‘ಡ್ರೈ ಡ್ರೌನಿಂಗ್’ನಿಂದ ಸಾಯಬಹುದು, ಎಲ್ಲ ಪೋಷಕರಿಗೂ ತಲುಪಿಸಿ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಅವರನ್ನು ನೋಡುತ್ತಿರುವುದಷ್ಟೇ ಕೆಲಸವಾಗಿರುವ ಒಬ್ಬರು ಅಲ್ಲಿದ್ದಾರೆಯೇ ಎಂಬ ಪ್ರಶ್ನೆ ಮಾತ್ರ ಎರಡರಲ್ಲೂ ಇರುವುದಿಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕನ ಮಗನನ್ನು ಶಿಬಿರಕ್ಕೆ ಸೇರಿಸಲು ಅವಳ ಜೊತೆ ನಾನೂ ಹೋಗಿದ್ದೆ. ಶುಲ್ಕ, ಟೋಪಿ, ಗಾಗಲ್ಸ್ ಎಲ್ಲದರ ಮಾತು ಮುಗಿದ ಮೇಲೆ ‘ಲೈಫ್‌ಗಾರ್ಡ್ ಯಾರು ಸರ್?’ ಎಂದು ಅಕ್ಕ ಕೇಳಿದಳು. ‘ನಾನೇ ಇದೀನಲ್ಲ ಮೇಡಂ’ ಎಂದರು ಕೋಚ್. ಆಗ ಅವರು ಸೊಂಟದವರೆಗೆ ನೀರಿನಲ್ಲಿ ನಿಂತು ಒಂದು ಹುಡುಗಿಯ ಹೊಟ್ಟೆಗೆ ಕೈ ಕೊಟ್ಟು ಕಾಲು ಬಡಿಯುವುದನ್ನು ಕಲಿಸುತ್ತಿದ್ದರು. ಅವರ ಬೆನ್ನ ಹಿಂದೆ ಇನ್ನೂ ಹತ್ತು ಹನ್ನೆರಡು ಮಕ್ಕಳು ನೀರಿನಲ್ಲಿದ್ದರು.

ಕೋಚ್ ಒಳ್ಳೆಯವರೇ, ಅನುಭವವೂ ಇದ್ದಿರಬಹುದು. ಆದರೆ ಕಲಿಸುವವರು ಯಾವಾಗಲೂ ಒಬ್ಬರನ್ನು ನೋಡುತ್ತಾರೆ, ಕಾಯುವವರು ಎಲ್ಲರನ್ನೂ ನೋಡಬೇಕು. ಎರಡನ್ನೂ ಒಂದೇ ಜೋಡಿ ಕಣ್ಣು ಒಟ್ಟಿಗೆ ಮಾಡಲಾರದು.

ಮುಳುಗುವವರು ಕೂಗುವುದಿಲ್ಲ

‘ಏನಾದರೂ ಆದರೆ ಮಗು ಕೂಗುತ್ತದೆ, ಗೊತ್ತಾಗುತ್ತದೆ’ ಎಂಬುದು ನಾವೆಲ್ಲ ನಂಬಿಕೊಂಡಿರುವ ದೊಡ್ಡ ತಪ್ಪು. ಸಿನಿಮಾದಲ್ಲಿ ಮುಳುಗುವವರು ಕೈ ಬೀಸುತ್ತಾರೆ, ‘ಕಾಪಾಡಿ’ ಎನ್ನುತ್ತಾರೆ. ನಿಜದಲ್ಲಿ ಹಾಗಾಗುವುದು ಅಪರೂಪ. ನ್ಯೂಯಾರ್ಕ್‌ನ ಆರ್ಚರ್ಡ್ ಬೀಚ್‌ನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ, ಮುಳುಗುತ್ತಿದ್ದವರ ನಿಜವಾದ ಚಿತ್ರೀಕರಣಗಳನ್ನು ಗಮನಿಸಿ ಇದನ್ನು ವಿವರಿಸಿದರು. ಉಸಿರಿಗೇ ಹೋರಾಡುವವರಿಗೆ ಮಾತಾಡಲು ಗಾಳಿ ಉಳಿದಿರುವುದಿಲ್ಲ. ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತವೆ, ಬೀಸಲು ಆಗುವುದಿಲ್ಲ. ದೇಹ ನೆಟ್ಟಗೆ ನಿಂತಂತಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಪೂರ್ತಿ ಮುಳುಗುವ ಮೊದಲು ಸಿಗುವುದು ಸುಮಾರು 20ರಿಂದ 60 ಸೆಕೆಂಡ್. ದೂರದಿಂದ ನೋಡಿದವರಿಗೆ ಮಗು ಆಟವಾಡುತ್ತಿರುವಂತೆಯೇ ಕಾಣಿಸಬಹುದು.

ಲೈಫ್‌ಗಾರ್ಡ್ ತರಬೇತಿಯಲ್ಲಿ 10/20 ಎಂಬ ಅಳತೆ ಬಂದಿದ್ದು ಇದೇ ಕಾರಣಕ್ಕೆ. ತನ್ನ ಪಾಲಿನ ಜಾಗದಲ್ಲಿ ತೊಂದರೆಯಲ್ಲಿರುವವರನ್ನು 10 ಸೆಕೆಂಡಿನಲ್ಲಿ ಗುರುತಿಸಬೇಕು, ಮುಂದಿನ 20 ಸೆಕೆಂಡಿನಲ್ಲಿ ಅವರ ಬಳಿ ಇರಬೇಕು. ಹೆಣ್ಣುಮಗುವಿನ ಕಾಲಿನ ಬಡಿತ ತಿದ್ದುತ್ತಿರುವ ಕೋಚ್‌ಗೆ ಇದು ಸಾಧ್ಯವೇ, ನೀವೇ ಹೇಳಿ.

ಹಾಗಾದರೆ ಒಬ್ಬ ಲೈಫ್‌ಗಾರ್ಡ್ ಸಾಕೇ?

ಇಲ್ಲಿ ಶಿಬಿರ ನಡೆಸುವವರು ಜಾರುವುದೇ ಹೆಚ್ಚು. ಒಬ್ಬರನ್ನು ನೇಮಿಸಿರುತ್ತಾರೆ, ಬೆಳಿಗ್ಗೆ 6ರಿಂದ ಒಂದರ ಹಿಂದೊಂದು ನಾಲ್ಕು ಬ್ಯಾಚ್ ನಡೆಸುತ್ತಾರೆ. 45 ನಿಮಿಷದ ಬ್ಯಾಚ್ ಎಂದರೂ ಬಿಡುವಿಲ್ಲದೆ 3 ಗಂಟೆ. ಅದರ ನಡುವೆ ಟಿಕೆಟ್ ನೋಡುವುದು, ಟೋಪಿ ಮಾರುವುದು, ಫೋನ್ ಎತ್ತುವುದೂ ಅವರ ತಲೆಗೇ ಬೀಳುತ್ತದೆ.

ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಎರಡನೇ ಮಹಾಯುದ್ಧದ ರೇಡಾರ್ ಸಿಬ್ಬಂದಿ ಪರದೆ ನೋಡುತ್ತಾ ಕೂತು ಸಂಕೇತಗಳನ್ನು ಯಾಕೆ ತಪ್ಪಿಸಿಕೊಳ್ಳುತ್ತಾರೆ ಎಂಬುದು ಅವರ ಪ್ರಶ್ನೆ. ಗಡಿಯಾರದಂಥ ಒಂದು ಮುಳ್ಳು ಒಂದೊಂದೇ ಹೆಜ್ಜೆ ಸರಿಯುತ್ತದೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುತ್ತದೆ, ಅದನ್ನು ಗುರುತಿಸಬೇಕು. ಎರಡು ಗಂಟೆಯ ಈ ಕೆಲಸದಲ್ಲಿ ಮೊದಲ ಅರ್ಧ ಗಂಟೆ ಕಳೆಯುತ್ತಲೇ ಗುರುತಿಸುವ ಪ್ರಮಾಣ ಇಳಿಯಿತು. ಇದು ಸೋಮಾರಿತನವಲ್ಲ, ಮಿದುಳಿನ ಗಮನ ಇರುವುದೇ ಹಾಗೆ. ಏನೂ ಆಗದ ನೀರನ್ನು ನೋಡುತ್ತಾ ಬಿಸಿಲಿನಲ್ಲಿ ಕೂರುವ ಕೆಲಸ ರೇಡಾರ್ ನೋಡುವುದಕ್ಕಿಂತ ಸುಲಭವಲ್ಲ. ಸರಿಯಾಗಿ ನಡೆಯುವ ಕೊಳಗಳಲ್ಲಿ ಅರ್ಧ ಗಂಟೆಗೊಮ್ಮೆ ಕಾವಲಿನವರನ್ನು ಬದಲಿಸುವುದು ಇದಕ್ಕೇ. ಬದಲಿಸಬೇಕೆಂದರೆ ಕನಿಷ್ಠ ಇಬ್ಬರು ಬೇಕು, ಇಬ್ಬರೆಂದರೆ ಇಬ್ಬರ ಸಂಬಳ. ಕಡಿಮೆ ಶುಲ್ಕದ ಶಿಬಿರ ಎಲ್ಲಿ ಉಳಿತಾಯ ಮಾಡಿರಬಹುದು ಎಂದು ನೋಡಬೇಕಾದ ಮೊದಲ ಜಾಗ ಇದು.

ಇಂತಿಷ್ಟು ಮಕ್ಕಳಿಗೆ ಇಷ್ಟು ಜನ ಎಂಬ ಒಂದೇ ಸಂಖ್ಯೆ ಎಲ್ಲ ಕೊಳಕ್ಕೂ ಹೊಂದುವುದಿಲ್ಲ. ಆಳ, ಮಕ್ಕಳ ವಯಸ್ಸು, ಎಷ್ಟು ಜನ ಹೊಸಬರು ಎಂಬುದರ ಮೇಲೆ ಅದು ನಿಲ್ಲುತ್ತದೆ. ತೀರಾ ಚಿಕ್ಕ ಮಕ್ಕಳಿಗೆ ಮಾತ್ರ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವ ನಿಯಮ ಸರಳವಾಗಿದೆ: ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಬ್ಬ ದೊಡ್ಡವರು ಇರಬೇಕು. ಕೈಗೆ ಕಟ್ಟುವ ಗಾಳಿ ತುಂಬಿದ ಪಟ್ಟಿ ಆ ಕೆಲಸ ಮಾಡುವುದಿಲ್ಲ, ಹಳ್ಳಿಯ ಬಾವಿಯಲ್ಲಿ ಬೆನ್ನಿಗೆ ಕಟ್ಟುತ್ತಿದ್ದ ಸೋರೆಬುರುಡೆಯೂ ಮಾಡುತ್ತಿರಲಿಲ್ಲ. ಆಗಲೂ ಮಕ್ಕಳನ್ನು ಉಳಿಸುತ್ತಿದ್ದುದು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ಮಾವನೋ ಅಣ್ಣನೋ.

ಚೆನ್ನಾಗಿ ಈಜು ಬಲ್ಲವರಿಗೂ ಕಾವಲು ಬೇಕು. ದೊಡ್ಡ ಹುಡುಗರು ಜೋರಾಗಿ ಹತ್ತಾರು ಬಾರಿ ಉಸಿರೆಳೆದು ನೀರಿನಡಿ ಯಾರು ಹೆಚ್ಚು ಹೊತ್ತು ಇರುತ್ತಾರೆ ಎಂದು ಪಂದ್ಯ ಕಟ್ಟುತ್ತಾರೆ. ಹಾಗೆ ಉಸಿರೆಳೆದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ‘ಉಸಿರಾಡು’ ಎಂದು ಮಿದುಳಿಗೆ ಒತ್ತಾಯ ಹುಟ್ಟಿಸುವುದು ಅದೇ. ಒತ್ತಾಯ ಬರುವ ಮೊದಲೇ ಆಮ್ಲಜನಕ ಮುಗಿದು, ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಇಂಥ ಪಂದ್ಯವನ್ನು ಬಿಡುವ ಶಿಬಿರದಿಂದ ಮಗುವನ್ನು ಬಿಡಿಸಿಕೊಂಡು ಬನ್ನಿ.

ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಊಟವಾದ ಮೇಲೆ ಈಜಿದರೆ ಮುಳುಗುತ್ತಾರೆ ಎಂಬುದಕ್ಕೆ ಪುರಾವೆಯಿಲ್ಲ. ಅಮೆರಿಕನ್ ರೆಡ್ ಕ್ರಾಸ್‌ನ ವೈಜ್ಞಾನಿಕ ಸಮಿತಿ 2011ರಲ್ಲಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ ಇದನ್ನೇ ಹೇಳಿತು. ಹೊಟ್ಟೆ ಭಾರವೆನಿಸಿದರೆ ಕಾಯಿರಿ, ಅಷ್ಟೆ.

‘ಡ್ರೈ ಡ್ರೌನಿಂಗ್’ ಎಂಬುದು ವೈದ್ಯಕೀಯ ವಲಯ ಕೈಬಿಟ್ಟ ಪದ. ನೀರು ಕುಡಿದು ಕೆಮ್ಮಿ ಸುಧಾರಿಸಿಕೊಂಡು, ದಿನಗಟ್ಟಲೆ ಆರಾಮಾಗಿದ್ದ ಮಗು ಅದರಿಂದ ಇದ್ದಕ್ಕಿದ್ದಂತೆ ಸಾಯುವುದಿಲ್ಲ. ಆದರೆ ನೀರಿನಿಂದ ಎತ್ತಿದ ಮಗುವಿಗೆ ಕೆಮ್ಮು ನಿಲ್ಲದಿದ್ದರೆ, ಉಸಿರು ವೇಗವಾದರೆ, ಮಂಕಾದರೆ, ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಇಂಥ ಲಕ್ಷಣಗಳು ಮೊದಲ ಕೆಲವು ಗಂಟೆಗಳಲ್ಲೇ ಕಾಣಿಸುತ್ತವೆ.

ಮೂರನೆಯದು ನಿಜಕ್ಕೂ ಜೀವ ತೆಗೆಯುವಂಥದ್ದು: ಮುಳುಗಿದವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಬದುಕುತ್ತಾರೆ ಎಂಬ ಸಂದೇಶ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇದನ್ನು ನಂಬಿದ ಕುಟುಂಬ, ಮುಳುಗಿ ಸತ್ತ ಬಾಲಕನ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದಿತ್ತು. ಆ ಮನೆಯವರನ್ನು ನೋಡಿ ನಗುವ ಹಕ್ಕು ಸಂದೇಶ ಹಂಚಿದ ನಮಗಿಲ್ಲ. ಉಪ್ಪು ಏನೂ ಮಾಡುವುದಿಲ್ಲ. ತಲೆಕೆಳಗು ಮಾಡಿ ಸುತ್ತಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದೂ ಬೇಡ. ಆಮ್ಲಜನಕವಿಲ್ಲದೆ ಕೆಲವೇ ನಿಮಿಷದಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಹಾಗಾಗಿ ಉಸಿರಿಲ್ಲದವರಿಗೆ ತಕ್ಷಣ ಬಾಯಿಂದ ಉಸಿರು ಕೊಟ್ಟು, ಎದೆ ಒತ್ತುವ ಸಿಪಿಆರ್ ಶುರುಮಾಡಬೇಕು. ಅದೇ ಹೊತ್ತಿಗೆ ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಬೇಕು. ಇಬ್ಬರು ಸಿಬ್ಬಂದಿ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಹಣ ಕಟ್ಟುವ ಮೊದಲು

ಒಂದು ಬ್ಯಾಚ್ ನಡೆಯುವಾಗ ಹೋಗಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ನೀರಿನತ್ತ ಮುಖಮಾಡಿ, ಮೊಬೈಲ್ ಇಲ್ಲದೆ ಕೂತವರು ಯಾರಾದರೂ ಇದ್ದಾರೆಯೇ? ದಂಡೆಯಲ್ಲಿ ಉದ್ದನೆಯ ಕೋಲು, ತೇಲುವ ಬಳೆ ಕೈಗೆ ಸಿಗುವಂತಿವೆಯೇ, ಅಥವಾ ಕೋಣೆಯೊಳಗೆ ಬೀಗ ಹಾಕಿಟ್ಟಿದ್ದಾರೆಯೇ? ಇಳಿಯುವಾಗ ಎಣಿಸಿದ ಮಕ್ಕಳನ್ನು ಹತ್ತುವಾಗಲೂ ಎಣಿಸುತ್ತಾರೆಯೇ? ಸಿಪಿಆರ್ ಕಲಿತವರು ಈ ಬ್ಯಾಚ್‌ನಲ್ಲಿ ಯಾರು ಎಂದು ಕೇಳಿ. ಕೋಚಿಂಗ್ ಪ್ರಮಾಣಪತ್ರ ತೋರಿಸಿದರೆ, ಅದು ಕಲಿಸುವುದಕ್ಕೆ ಸರ್, ಜೀವರಕ್ಷಣೆಯದ್ದು ಬೇರೆ ಇರುತ್ತದಲ್ಲ ಎಂದು ವಿನಯದಿಂದಲೇ ಮತ್ತೆ ಕೇಳಿ.

ಅಕ್ಕ ಅಂದು ಹಣ ಕಟ್ಟಲಿಲ್ಲ. ವಾರದ ನಂತರ ಅದೇ ಶಿಬಿರದಿಂದ ಕರೆ ಬಂತು. ಇನ್ನೂ ಮೂರ್ನಾಲ್ಕು ಪೋಷಕರು ಇದನ್ನೇ ಕೇಳಿದ್ದರಂತೆ. ದಂಡೆಯ ಮೇಲೆ ಕುರ್ಚಿ ಹಾಕಿ ಇಬ್ಬರನ್ನು ಕೂರಿಸಿದ್ದರು. ಶುಲ್ಕ 300 ರೂಪಾಯಿ ಹೆಚ್ಚಾಗಿತ್ತು.